ಕಫ ತೆಳುಮಾಡುವ ಅಸಿಟೈಲ್‌ಸಿಸ್ಟೀನ್: ಈ ವಾಸನೆ ಯಾಕೆ?

ಪ್ರಶ್ನೆ, ಡೊಂಬಿವಲಿ: ಅಪ್ಪನಿಗೆ ಡಾಕ್ಟರು 600 ಮಿ.ಗ್ರಾಂ. ಅಸಿಟೈಲ್‌ಸಿಸ್ಟೀನ್ ಬರೆದಿದ್ದಾರೆ, ನೀರಿಗೆ ಹಾಕಿದರೆ ನೊರೆ ಬರುವ ಮಾತ್ರೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಕೆಟ್ಟಿದೆಯೇ? ಕಫ ಹೇಗೆ ತೆಳುವಾಗುತ್ತದೆ?

ಉತ್ತರ, ಮಾಟುಂಗಾ: ಸಣ್ಣ ವಾಸನೆ ಸಹಜ ಮಾರಾಯ್ರೆ, ಅದು ಗಂಧಕದ್ದು. ಕೆಲಸ ಮಾಡುವುದೂ ಆ ಗಂಧಕವೇ. ಕಫದಲ್ಲಿ ಮ್ಯೂಸಿನ್ ಎಂಬ ಪ್ರೋಟೀನಿನ ಉದ್ದನೆಯ ಎಳೆಗಳು ಡೈಸಲ್ಫೈಡ್ (ಗಂಧಕಕ್ಕೆ ಗಂಧಕ ಸೇರಿದ) ಕೊಂಡಿಗಳಿಂದ ಬೆಸೆದು ಬಲೆಯಂತಾಗಿರುತ್ತವೆ. ಮದ್ದಿನ ಗಂಧಕ ಆ ಕೊಂಡಿ ಮುರಿಯುತ್ತದೆ. ಅಂಟು ಸಡಿಲವಾಗಿ, ಶ್ವಾಸನಾಳದ ಸೂಕ್ಷ್ಮ ರೋಮಗಳು ಕಫವನ್ನು ಮೇಲಕ್ಕೆ ತಳ್ಳುತ್ತವೆ. ಆದರೆ ನುಂಗಿದ ಮದ್ದಿನ ಬಹುಪಾಲು ಕರುಳು, ಯಕೃತ್ತಿನಲ್ಲೇ ಬದಲಾಗುತ್ತದೆ. ಹಾಗಾಗಿ ಒಂದೇ ದಿನದಲ್ಲಿ ಪವಾಡ ಬೇಡಿ.

ಉತ್ತರ, ಪುಣೆ: ಗಾಜಿನ ಲೋಟದಲ್ಲಿ ಅರ್ಧ ಲೋಟ ನೀರು, ಮಾತ್ರೆ ಪೂರ್ತಿ ಕರಗಿದ ಕೂಡಲೇ ಕುಡಿಸಿ. ಕೆಮ್ಮು ತಡೆಯುವ ಸಿರಪ್ ಜೊತೆಗೆ ಖಂಡಿತ ಬೇಡ: ಸಡಿಲಾದ ಕಫ ಕೆಮ್ಮಿ ಹೊರಬರದೆ ಒಳಗೇ ನಿಲ್ಲುತ್ತದೆ. ಈ ಮಾತ್ರೆಯಲ್ಲಿ ಸೋಡಿಯಂ ಇರುತ್ತದೆ, ಬಿಪಿಗೆ ಉಪ್ಪು ಕಡಿಮೆ ಮಾಡಿದ್ದರೆ ಡಾಕ್ಟರಿಗೆ ತಿಳಿಸಿ.

ಉತ್ತರ, ಮಡಗಾಂವ್: ಹೊಟ್ಟೆಹುಣ್ಣು ಇದ್ದರೂ ಹೇಳಿ. ಎದೆನೋವಿಗೆ ನೈಟ್ರೋಗ್ಲಿಸರಿನ್ ತೆಗೆದುಕೊಳ್ಳುವವರಲ್ಲಿ ಈ ಮಾತ್ರೆಯೂ ಸೇರಿದರೆ ಬಿಪಿ ಕುಸಿದು ತಲೆನೋವು ಬರಬಹುದು. ಅಸಿಟೈಲ್‌ಸಿಸ್ಟೀನ್ ಅನ್ನೇ ನೆಬ್ಯುಲೈಸರಿನಲ್ಲಿ (ಮದ್ದನ್ನು ಮಂಜಿನಂತೆ ಮಾಡಿ ಉಸಿರಿನ ಜೊತೆ ಕೊಡುವ ಯಂತ್ರ) ಕೊಡುವಾಗ ಅಸ್ತಮಾ ಇದ್ದವರ ಶ್ವಾಸನಾಳ ಬಿಗಿಯಬಹುದು. ಅದಕ್ಕೇ ನಾಳ ಹಿಗ್ಗಿಸುವ ಮದ್ದನ್ನು ಮೊದಲು ಕೊಡುತ್ತಾರೆ. ಉಬ್ಬಸ ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಿ, ತಕ್ಷಣ ಡಾಕ್ಟರಿಗೆ ತೋರಿಸಿ.