ಸಂಘದ ಜಾಲತಾಣಕ್ಕೆ ಡೆಡಿಕೇಟೆಡ್ ಸರ್ವರೋ, ಕ್ಲೌಡೋ? ಮುಂಬೈ, ಪುಣೆಯ ಕೆಲವರ ಅನುಭವಗಳು

ಕೇಳಿದವರು, ಡೊಂಬಿವಲಿಯಿಂದ:

ನಮ್ಮ ಕನ್ನಡ ಸಂಘದ ಜಾಲತಾಣ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿದ್ದು, ಆರು ವರ್ಷಗಳಿಂದ ಶೇರ್ಡ್ ಹೋಸ್ಟಿಂಗ್‌ನಲ್ಲಿ, ಅಂದರೆ ಹಲವು ತಾಣಗಳು ಹಂಚಿಕೊಂಡ ಒಂದೇ ಸರ್ವರ್‌ನಲ್ಲಿ, ನಡೆಯುತ್ತಿದೆ. ಮಾಸಪತ್ರಿಕೆಯ ಹಳೆಯ ಸಂಚಿಕೆಗಳ ಪಿಡಿಎಫ್‌ಗಳೇ ಸುಮಾರು 40 ಜಿಬಿ ಆಗಿವೆ. ದಿನಕ್ಕೆ ಐನೂರು ಆರುನೂರು ಜನ ಬಂದು ಹೋಗುತ್ತಾರೆ. ವಿದ್ಯಾರ್ಥಿವೇತನದ ಅರ್ಜಿ ತೆರೆಯುವ ದಿನ ಮತ್ತು ಊರಿನಿಂದ ಯಕ್ಷಗಾನ ಮೇಳ ಬಂದಾಗ ಆಸನ ಕಾಯ್ದಿರಿಸುವ ದಿನ ಮಾತ್ರ ಒಂದೇ ಗಂಟೆಯಲ್ಲಿ ಮೂರ್ನಾಲ್ಕು ಸಾವಿರ ಜನ ನುಗ್ಗುತ್ತಾರೆ. ಈ ವರ್ಷ ಅರ್ಜಿ ತೆರೆದ ದಿನ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ ತಾಣ ತೆರೆಯಲೇ ಇಲ್ಲ. ಪಾಲಕರು ಫೋನ್ ಮಾಡಿ ಬೇಸರ ತೋಡಿಕೊಂಡರು. ಸಮಿತಿಯಲ್ಲಿ ಅರ್ಧ ಜನ ಡೆಡಿಕೇಟೆಡ್ ಸರ್ವರ್ ಬಾಡಿಗೆಗೆ ಪಡೆಯೋಣ ಎನ್ನುತ್ತಾರೆ, ಉಳಿದವರು ಕ್ಲೌಡ್ ಎನ್ನುತ್ತಾರೆ. ತಾಂತ್ರಿಕ ಕೆಲಸ ನೋಡಿಕೊಳ್ಳುವವನು ನಾನೊಬ್ಬನೇ, ಅದೂ ಕಚೇರಿಯಿಂದ ಬಂದ ಮೇಲೆ. ಬಳಸಿ ನೋಡಿದವರು ದಯವಿಟ್ಟು ತಿಳಿಸಬೇಕು.

ಐರೋಲಿಯಿಂದ:

ನಮಸ್ಕಾರ. ನವಿ ಮುಂಬೈಯಲ್ಲಿ ಹದಿನಾಲ್ಕು ವರ್ಷಗಳಿಂದ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ತಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಮೊದಲು ಹೋದದ್ದು "ನಾನೊಬ್ಬನೇ, ಅದೂ ಕಚೇರಿಯಿಂದ ಬಂದ ಮೇಲೆ" ಎಂಬ ಮಾತಿನ ಕಡೆಗೆ.

ಕ್ಲೌಡ್ ಎಂದರೆ ಕಂಪನಿಯೊಂದರ ದೊಡ್ಡ ಯಂತ್ರಗಳಲ್ಲಿ ನಮಗೆ ಬೇಕಾದಷ್ಟು ಪಾಲನ್ನು ಬೇಕಾದಷ್ಟು ಕಾಲ ಬಾಡಿಗೆಗೆ ಪಡೆಯುವುದು. ಡೆಡಿಕೇಟೆಡ್ ಸರ್ವರ್ ಎಂದರೆ ಇಡೀ ಯಂತ್ರ ನಮ್ಮದು. ಅದರ ಪ್ರೊಸೆಸರ್, ಮೆಮೊರಿ, ಡಿಸ್ಕ್‌ಗಳಲ್ಲಿ ಬೇರೆಯವರಿಗೆ ಪಾಲಿಲ್ಲ, ತಿಂಗಳ ಬಾಡಿಗೆಯೂ ನಿಗದಿಯಾಗಿರುತ್ತದೆ. ಹಗಲಿರುಳು ಒಂದೇ ಸಮನೆ ದುಡಿಯಬೇಕಾದ ತಾಣಕ್ಕೆ ಅದು ನಿಜವಾಗಿಯೂ ಅಗ್ಗ. ಬೇಸ್‌ಕ್ಯಾಂಪ್ ತಂತ್ರಾಂಶ ತಯಾರಿಸುವ 37ಸಿಗ್ನಲ್ಸ್ ಕಂಪನಿ 2022ರ ಅಕ್ಟೋಬರ್‌ನಲ್ಲಿ ಕ್ಲೌಡ್ ಬಿಡುವುದಾಗಿ ಪ್ರಕಟಿಸಿ ಸ್ವಂತ ಯಂತ್ರಗಳಿಗೆ ಮರಳಿದ್ದು ಇದೇ ಲೆಕ್ಕದ ಮೇಲೆ. ಆದರೆ ಅವರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ತಂಡ ಮೊದಲಿನಿಂದಲೂ ಇತ್ತು.

ಆ ತಂಡ ಏಕೆ ಬೇಕು ಎಂಬುದನ್ನು ನನ್ನ ಒಂದು ರಾತ್ರಿಯ ಅನುಭವದಿಂದ ಹೇಳುತ್ತೇನೆ. 2018ರ ಮಳೆಗಾಲದಲ್ಲಿ, ಸಗಟು ವ್ಯಾಪಾರಿಯೊಬ್ಬರ ತಾಣವಿದ್ದ ಬಾಡಿಗೆ ಸರ್ವರ್‌ನ ಎರಡು ಡಿಸ್ಕ್‌ಗಳಲ್ಲಿ ಒಂದು ಕೆಟ್ಟಿತು. ಎರಡೂ ಡಿಸ್ಕ್‌ಗಳಲ್ಲಿ ಒಂದೇ ಮಾಹಿತಿ ಇರುವ ರೇಡ್ 1 ವ್ಯವಸ್ಥೆ ಇದ್ದುದರಿಂದ ತಾಣ ನಡೆಯುತ್ತಲೇ ಇತ್ತು. ಡಿಸ್ಕ್ ಬದಲಿಸಿ ಎಂದು ಡೇಟಾ ಸೆಂಟರ್‌ಗೆ ಬರೆದೆ. ರಾತ್ರಿ ಎರಡು ಗಂಟೆಗೆ ಅಲ್ಲಿಯ ಹುಡುಗ ಕೆಟ್ಟದ್ದನ್ನು ಬಿಟ್ಟು ಚೆನ್ನಾಗಿದ್ದ ಡಿಸ್ಕನ್ನೇ ಎಳೆದುಬಿಟ್ಟ. ತಾಣದ ಮಾಹಿತಿ ಕೂಡಿಡುವ ಡೇಟಾಬೇಸ್ ಬರೆಯುತ್ತಿದ್ದ ಹೊತ್ತಿನಲ್ಲೇ ಆ ಡಿಸ್ಕ್ ಹೊರಬಂದಿದ್ದರಿಂದ, ಮರಳಿ ಹಾಕಿದ ಮೇಲೂ ಡೇಟಾಬೇಸಿನ ಎರಡು ಟೇಬಲ್‌ಗಳು (ಮಾಹಿತಿ ಪಟ್ಟಿಗಳು) ಓದಲಾಗದಂತೆ ಕೆಟ್ಟಿದ್ದವು. ಬೇರೆ ಕಡೆ ಇಟ್ಟಿದ್ದ ಬ್ಯಾಕಪ್‌ನಿಂದ ಎಲ್ಲವನ್ನೂ ಎದ್ದು ನಿಲ್ಲಿಸುವಷ್ಟರಲ್ಲಿ ಬೆಳಗಿನ ಹನ್ನೊಂದಾಗಿತ್ತು. ಆ ಹುಡುಗನನ್ನು ದೂರಿ ಫಲವಿಲ್ಲ. ಕೆಟ್ಟ ಡಿಸ್ಕಿನ ಸೀರಿಯಲ್ ನಂಬರನ್ನು ನಾನು ಬರೆದು ಕೊಡಬೇಕಾಗಿತ್ತು. ಅಂದಿನಿಂದ ಅದನ್ನು ಬರೆಯದೆ ಒಂದು ದೂರನ್ನೂ ಕಳುಹಿಸಿಲ್ಲ.

ಹೀಗೆ ಒಂಬತ್ತು ಗಂಟೆ ಕುಳಿತುಕೊಳ್ಳಲು ತಮಗೆ ಸಾಧ್ಯವೇ ಎಂದು ಮೊದಲು ಯೋಚಿಸಬೇಕು. ಕ್ಲೌಡ್‌ನಲ್ಲಿ ಡಿಸ್ಕ್ ಕೆಡುವ ಚಿಂತೆ ಕಂಪನಿಯದು. ಬ್ಯಾಕಪ್‌ನ ಚಿಂತೆ ಮಾತ್ರ ಎರಡರಲ್ಲೂ ನಮ್ಮದೇ, ಅದು ಬೇರೆ ಊರಿನಲ್ಲಿಯೇ ಇರಬೇಕು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಹಲವು ಗ್ರಾಹಕರು ಎರಡನ್ನೂ ಕಳೆದುಕೊಂಡರು.

ಮಾಟುಂಗದಿಂದ:

ಮೂರನೆಯ ದಾರಿಯೊಂದನ್ನು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ. ಸಂಘದ ಕಚೇರಿಯಲ್ಲೇ ಒಂದು ಕಂಪ್ಯೂಟರ್ ಇಟ್ಟು ಅದರಿಂದ ತಾಣ ನಡೆಸುವುದು ಬೇಡ. ನಾವು ಹಾಗೆ ನಡೆಸುತ್ತಿದ್ದೆವು. 2020ರ ಅಕ್ಟೋಬರ್ 12ರಂದು ಇಡೀ ಮುಂಬೈಗೆ ವಿದ್ಯುತ್ ಹೋದಾಗ ನಮ್ಮ ಯುಪಿಎಸ್ ನಲವತ್ತು ನಿಮಿಷ ತಾಳಿತು, ಲೋಕಲ್ ರೈಲುಗಳೂ ನಿಂತಿದ್ದರಿಂದ ಕಚೇರಿಗೆ ಹೋಗಿ ನೋಡುವುದಕ್ಕೂ ಆಗಲಿಲ್ಲ.

ಪುಣೆಯ ಕೋಥ್ರೂಡ್‌ನಿಂದ:

ಐರೋಲಿಯ ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಕ್ಲೌಡ್‌ಗೆ ಹೋಗುವವರು ಎರಡು ವಿಷಯಗಳನ್ನು ಮೊದಲೇ ತಿಳಿದಿರಬೇಕು, ಏಕೆಂದರೆ ಎರಡರಲ್ಲೂ ನಾನು ಪೆಟ್ಟು ತಿಂದಿದ್ದೇನೆ.

ಮೊದಲನೆಯದು, ಕ್ಲೌಡ್ ತಾನಾಗಿಯೇ ಹಿಗ್ಗುತ್ತದೆ ಎಂಬ ನಂಬಿಕೆ. ಜನ ಹೆಚ್ಚಾದಂತೆ ಯಂತ್ರಗಳೂ ಹೆಚ್ಚಬೇಕಾದರೆ ಡೇಟಾಬೇಸನ್ನೂ ಜನ ಅಪ್‌ಲೋಡ್ ಮಾಡುವ ಕಡತಗಳನ್ನೂ ತಾಣದ ಯಂತ್ರದಿಂದ ಹೊರಗೆ ಇಡಬೇಕು. ಸಾಮಾನ್ಯ ವರ್ಡ್‌ಪ್ರೆಸ್‌ನಲ್ಲಿ ಎಲ್ಲವೂ ಒಂದೇ ಡಿಸ್ಕಿನಲ್ಲಿರುತ್ತವೆ. ಜೊತೆಗೆ ಅಗ್ಗದ ಕೆಲವು ಮಾದರಿಗಳಲ್ಲಿ ಪ್ರೊಸೆಸರ್‌ಗೆ ಕ್ರೆಡಿಟ್ ಲೆಕ್ಕವಿದೆ. ಬಿಡುವಿನಲ್ಲಿ ಕ್ರೆಡಿಟ್ ಕೂಡುತ್ತದೆ, ಒತ್ತಡದಲ್ಲಿ ಖರ್ಚಾಗುತ್ತದೆ, ಮುಗಿದ ಮೇಲೆ ಯಂತ್ರ ನಿಧಾನವಾಗುತ್ತದೆ ಇಲ್ಲವೇ ಹೆಚ್ಚುವರಿ ಹಣ ಕೇಳುತ್ತದೆ. ತಮಗೆ ಅನುಕೂಲವಾದ ಸಂಗತಿಯೆಂದರೆ ನೂಕುನುಗ್ಗಲಿನ ದಿನ ಯಾವುದೆಂದು ತಮಗೆ ಮೊದಲೇ ಗೊತ್ತು. ಹಿಂದಿನ ರಾತ್ರಿ ಯಂತ್ರವನ್ನು ಕೆಲವು ನಿಮಿಷ ನಿಲ್ಲಿಸಿ ದೊಡ್ಡ ಮಾದರಿಗೆ ಬದಲಿಸಿ, ಎರಡು ದಿನ ಬಿಟ್ಟು ಮತ್ತೆ ಚಿಕ್ಕದಕ್ಕೆ ಇಳಿಸಿದರೆ ಆ ಎರಡು ದಿನಗಳಿಗಷ್ಟೇ ಹೆಚ್ಚಿನ ಬಾಡಿಗೆ ಬೀಳುತ್ತದೆ. ಡೆಡಿಕೇಟೆಡ್ ಸರ್ವರ್‌ನಲ್ಲಿ ಆ ಎರಡು ದಿನಗಳಿಗಾಗಿ ವರ್ಷವಿಡೀ ದೊಡ್ಡ ಯಂತ್ರದ ಬಾಡಿಗೆ ಕಟ್ಟಬೇಕಾಗುತ್ತದೆ.

ಎರಡನೆಯದು, ಹೊರಗೆ ಹೋಗುವ ಡೇಟಾಕ್ಕೆ ಬೀಳುವ ಶುಲ್ಕ. ನಾವು ಉಪನ್ಯಾಸಗಳ ವಿಡಿಯೊಗಳನ್ನು ಕ್ಲೌಡ್‌ನಲ್ಲೇ ಇಟ್ಟಿದ್ದೆವು. ಅವುಗಳಲ್ಲೊಂದು ವಾಟ್ಸಾಪ್‌ನಲ್ಲಿ ಹರಡಿದ ತಿಂಗಳು ಬಂದ ಬಿಲ್ಲು, ಅದಕ್ಕೂ ಹಿಂದಿನ ಆರು ತಿಂಗಳ ಬಿಲ್ಲುಗಳನ್ನು ಕೂಡಿಸಿದರೂ ಮೀರುವಂತಿತ್ತು. ಉದಾಹರಣೆಗೆ, ಅಮೆಜಾನ್‌ನ ಕ್ಲೌಡ್‌ನಲ್ಲಿ ತಿಂಗಳಿಗೆ ಮೊದಲ 100 ಜಿಬಿ ಉಚಿತ. ಅದಾದ ಮೇಲೆ ಮುಂಬೈ ಕೇಂದ್ರದಿಂದ ಹೊರಹೋಗುವ ಪ್ರತಿ ಜಿಬಿಗೆ ಸುಮಾರು 11 ಸೆಂಟ್. ತಮ್ಮ ಒಂದು ಸಂಚಿಕೆ 25 ಎಂಬಿ ಇದೆ ಎಂದುಕೊಳ್ಳೋಣ. ನಾಲ್ಕು ಸಾವಿರ ಜನ ಇಳಿಸಿಕೊಂಡರೆ ಅಲ್ಲಿಗೇ 100 ಜಿಬಿ ಮುಗಿಯಿತು. ಆದ್ದರಿಂದ ಸ್ಕ್ಯಾನ್ ಮಾಡಿದ ಪುಟಗಳನ್ನು 150 ಡಿಪಿಐಗೆ (ಇಂಚಿಗೆ 150 ಚುಕ್ಕೆ) ಇಳಿಸಿ, ಅಕ್ಷರ ಸ್ಪಷ್ಟವಾಗಿದೆಯೇ ಎಂದು, ವಿಶೇಷವಾಗಿ ಒತ್ತಕ್ಷರಗಳನ್ನು, ಒಮ್ಮೆ ನೋಡಿಕೊಳ್ಳಿ. ನಮ್ಮ ಸಂಚಿಕೆಗಳು ಹಾಗೆ ಕಾಲುಭಾಗಕ್ಕೆ ಇಳಿದವು. ವಿಡಿಯೊಗಳಿಗೆ ಯೂಟ್ಯೂಬ್ ಇದ್ದೇ ಇದೆ. ಬಿಲ್ಲು ಒಂದು ಮೊತ್ತ ಮೀರಿದ ಕೂಡಲೇ ಇಮೇಲ್ ಬರುವ ವ್ಯವಸ್ಥೆಯನ್ನು ಮೊದಲ ದಿನವೇ ಮಾಡಿಕೊಳ್ಳಬೇಕು.

ಐರೋಲಿಯಿಂದ, ಮತ್ತೊಮ್ಮೆ:

ಮೇಡಂ ಹೇಳಿದ ಲೆಕ್ಕ ಸರಿಯಾಗಿದೆ. ಅದಕ್ಕೇ ನನ್ನ ಸಲಹೆ, ಹೊರಹೋಗುವ ಡೇಟಾದ ಒಂದು ದೊಡ್ಡ ಮಿತಿಯನ್ನೂ ಸೇರಿಸಿ ತಿಂಗಳಿಗೆ ಇಷ್ಟೇ ಎಂದು ಹೇಳುವ, ಮುಂಬೈ ಅಥವಾ ಬೆಂಗಳೂರಿನಲ್ಲಿ ಯಂತ್ರವಿರುವ ಚಿಕ್ಕ ಕ್ಲೌಡ್ ಸರ್ವರ್ ಒಂದನ್ನು, 4 ಜಿಬಿ ಮೆಮೊರಿಯದ್ದನ್ನು, ತೆಗೆದುಕೊಳ್ಳಿ. ವರ್ಡ್‌ಪ್ರೆಸ್‌ಗೆ ಪೇಜ್ ಕ್ಯಾಶ್ ಹಾಕಿ; ಆಗ ಮುಖಪುಟವನ್ನು ಪ್ರತಿಯೊಬ್ಬರಿಗೂ ಹೊಸದಾಗಿ ಕಟ್ಟಿಕೊಡುವ ಬದಲು, ಒಮ್ಮೆ ಕಟ್ಟಿದ್ದನ್ನೇ ಎಲ್ಲರಿಗೂ ಬಡಿಸಿದಂತಾಗುತ್ತದೆ. ಆ ದಿನ ತಮ್ಮ ತಾಣ ಬಿದ್ದದ್ದು ಬಹುಶಃ ಇದಿಲ್ಲದೆಯೇ. ಅರ್ಜಿಯ ಪುಟವನ್ನು ಮಾತ್ರ ಕ್ಯಾಶ್‌ನಿಂದ ಹೊರಗಿಡಬೇಕು.

ಹಣ ಕಟ್ಟುವ ವಿಷಯದಲ್ಲೂ ಎಚ್ಚರವಿರಲಿ. ಸಂಘಗಳಲ್ಲಿ ಖಜಾಂಚಿ ಬದಲಾಗುತ್ತಾರೆ, ಅವರೊಂದಿಗೆ ಅವರ ಕಾರ್ಡೂ ಹೋಗುತ್ತದೆ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಲು ಮುಂಚಿತವಾಗಿ ನೋಂದಣಿ ಬೇಕು. ಹಾಗಾಗಿ ಡಾಲರ್‌ನಲ್ಲಿ ಬಿಲ್ಲು ಕಳಿಸುವ ವಿದೇಶಿ ಕಂಪನಿಗಳ ಕಂತು ಎಷ್ಟೋ ಸಲ ತಪ್ಪುತ್ತದೆ. ರೂಪಾಯಿಯಲ್ಲಿ ಜಿಎಸ್‌ಟಿ ಬಿಲ್ಲು ಕೊಡುವವರಾದರೆ ಲೆಕ್ಕಪರಿಶೋಧಕರಿಗೂ ಅನುಕೂಲ. ಖಾತೆ ಮತ್ತು ಡೊಮೈನ್ (ತಾಣದ ವಿಳಾಸದ ಹೆಸರು) ಎರಡೂ ಸಂಘದ ಹೆಸರಿನಲ್ಲೇ ಇರಲಿ.

ಕೇಳಿದವರು, ಡೊಂಬಿವಲಿಯಿಂದ:

ಎಲ್ಲರಿಗೂ ಕೃತಜ್ಞತೆಗಳು. ಸಮಿತಿಯ ಮುಂದೆ ಇದನ್ನೇ ಇಡುತ್ತೇನೆ. ಹೊಸ ಸರ್ವರ್‌ಗೆ ಹೋದ ದಿನವೇ ಹಳೆಯ ಹೋಸ್ಟಿಂಗ್ ಮುಚ್ಚಿಬಿಡಬಹುದೇ?

ಐರೋಲಿಯಿಂದ:

ಬೇಡ, ಒಂದು ತಿಂಗಳು ಎರಡನ್ನೂ ಇಟ್ಟುಕೊಳ್ಳಿ. ಬದಲಿಸುವ ಎರಡು ದಿನ ಮೊದಲು ಡಿಎನ್‌ಎಸ್‌ನ ಟಿಟಿಎಲ್ ಅವಧಿಯನ್ನು, ಅಂದರೆ ತಾಣದ ಹೆಸರು ಯಾವ ಸರ್ವರ್‌ನದೆಂಬ ಉತ್ತರವನ್ನು ಇತರ ಯಂತ್ರಗಳು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿದರೆ ಜನ ಬೇಗ ಹೊಸ ವಿಳಾಸಕ್ಕೆ ಬರುತ್ತಾರೆ. ಮುಖ್ಯವಾಗಿ, ಸಂಘದ ಇಮೇಲ್ ವಿಳಾಸಗಳು ಆ ಹಳೆಯ ಶೇರ್ಡ್ ಹೋಸ್ಟಿಂಗ್‌ನಲ್ಲೇ ಇವೆಯೇ ಎಂದು ಇಂದೇ ನೋಡಿ. ಇದ್ದರೆ, ಹೋಸ್ಟಿಂಗ್ ಮುಚ್ಚಿದ ಕ್ಷಣವೇ ಆರು ವರ್ಷಗಳ ಪತ್ರವ್ಯವಹಾರವೂ ಅಳಿಸಿಹೋಗುತ್ತದೆ.