ಸಹಾಯ ಬೇಕು: ದೊಡ್ಡ ವಿಂಗ್‌ಸೂಟ್‌ಗೆ ಹೋಗೋದು ಯಾವಾಗ?

ಗೊತ್ತಿರೋರು ದಯವಿಟ್ಟು ಹೇಳಿ. ಒಟ್ಟು 310 ಸ್ಕೈಡೈವ್ (ವಿಮಾನದಿಂದ ಪ್ಯಾರಾಚೂಟ್ ಜಿಗಿತ) ಆಗಿವೆ, ಅದರಲ್ಲಿ 45 ವಿಂಗ್‌ಸೂಟ್‌ನಲ್ಲಿ (ಕೈಕಾಲುಗಳ ನಡುವೆ ಬಟ್ಟೆಯ ರೆಕ್ಕೆ ಇರೋ ಉಡುಪು), ಎಲ್ಲವೂ ಆರಂಭಿಕರ ಚಿಕ್ಕ ಸೂಟ್‌ನಲ್ಲೇ. ಈಗ ಮಧ್ಯಮ ಗಾತ್ರದ ಸೂಟ್ ತಗೋಬೇಕು ಅಂತಿದೆ, ಆದರೆ ಇಬ್ಬರು ಕೋಚ್‌ಗಳ ಮಾತು ತಾಳೆಯಾಗ್ತಿಲ್ಲ. ಒಬ್ಬರು "100 ಹಾರಾಟ ಆಗದೆ ಮುಟ್ಟಲೇಬೇಡ" ಅಂತಾರೆ. ಇನ್ನೊಬ್ಬರಿಗೆ ಲೆಕ್ಕ ಮುಖ್ಯವಲ್ಲ, ಕೌಶಲ ಸಾಕು.

ಅಮೆರಿಕದ ಪ್ಯಾರಾಚೂಟ್ ಸಂಘ ಯುಎಸ್‌ಪಿಎ ನಿಯಮದಲ್ಲಿ ಮೊದಲ ವಿಂಗ್‌ಸೂಟ್ ಹಾರಾಟಕ್ಕೆ 200 ಜಿಗಿತ ಬೇಕು, ಅದು ಸ್ಪಷ್ಟ. ಸೂಟ್ ಬದಲಿಸೋ ಹಂತಕ್ಕೆ ಮಾತ್ರ ತಯಾರಕರದ್ದೊಂದು ಮಾತು, ಕೋಚ್‌ಗಳದ್ದೊಂದು.

ಇಲ್ಲಿಯವರೆಗೆ ಮಾಡಿದ್ದು: ನೆಲದ ಮೇಲೆ ಸೂಟ್ ಹಾಕಿಕೊಂಡೇ ಪೈಲಟ್ ಚ್ಯೂಟ್ (ಮುಖ್ಯ ಪ್ಯಾರಾಚೂಟನ್ನ ಹೊರಗೆಳೆಯೋ ಪುಟ್ಟ ಪ್ಯಾರಾಚೂಟ್) ಹಿಡಿಕೆ ಹುಡುಕೋ ಅಭ್ಯಾಸ, ಬ್ರೈಡಲ್ (ಅವೆರಡನ್ನೂ ಜೋಡಿಸೋ ಪಟ್ಟಿ) ಉದ್ದ ಮಾಡಿಸಿದ್ದು, ಶಾಂತ ಸ್ವಭಾವದ 7 ಸೆಲ್ ಕ್ಯಾನಪಿ (ಏಳು ಕೋಶಗಳ ಮುಖ್ಯ ಪ್ಯಾರಾಚೂಟ್). ಹಾರಾಟ ನೇರವಾಗಿದೆ, ಗುಂಪಿನಲ್ಲಿ ಅಂತರ ಕಾಯ್ದುಕೊಳ್ಳೋದೂ ಪರವಾಗಿಲ್ಲ.

ತೊಡಕು ಪ್ಯಾರಾಚೂಟ್ ತೆರೆಯೋ ಹೊತ್ತಿನದು. ಹಿಡಿಕೆ ಎಳೆಯೋಕೆ ಮುಂಚೆ ರೆಕ್ಕೆ ಮಡಚಿದಾಗ ಒಂದು ಭುಜ ಬೇಗ ಇಳಿಯುತ್ತೆ, ಐದರಲ್ಲಿ ಒಂದು ಸಲ ಪ್ಯಾರಾಚೂಟ್‌ನ ಲೈನ್ (ಹಗ್ಗಗಳು) ತಿರುಚಿಕೊಳ್ಳುತ್ತೆ. ಸೂಟ್ ದೊಡ್ಡದಾದಷ್ಟು ಬೆನ್ನ ಹಿಂದಿನ ಸುಳಿಗಾಳಿ ಹೆಚ್ಚು, ಪೈಲಟ್ ಚ್ಯೂಟ್ ಅದರಲ್ಲೇ ತೂಗಾಡಬಹುದು. ತೋಳಿನ ಬಟ್ಟೆ ಜಾಸ್ತಿಯಾದ್ರೆ ಹಿಡಿಕೆಗೆ ಕೈ ಹೋಗೋದೂ ಕಷ್ಟ. ಫ್ಲಾಟ್ ಸ್ಪಿನ್‌ನಿಂದ (ಅಡ್ಡಲಾಗಿ ಗಿರಗಿರ ತಿರುಗೋದು) ಹೊರಬರೋದನ್ನ ಯಾರೂ ಪರೀಕ್ಷಿಸಿಲ್ಲ, ಬಾಯಿಮಾತಲ್ಲಿ "ಉಂಡೆಯಾಗಿ ಮುದುಡು" ಅಂದಿದ್ದಷ್ಟೇ. ಇದೂ ಕೋಚಿಂಗಾ?

ನನ್ನ ಪ್ರಶ್ನೆ ಇಷ್ಟೇ: ಚಿಕ್ಕ ಸೂಟ್‌ನಲ್ಲಿ ಸತತ ಎಷ್ಟು ಸಲ ಪ್ಯಾರಾಚೂಟ್ ತಿರುಚದೆ ಸಮವಾಗಿ ತೆರೆದ ಮೇಲೆ, ಇನ್ನು ಯಾವ ಯಾವ ಪರೀಕ್ಷೆ ದಾಟಿದ ಮೇಲೆ, ನೀವು ವಿದ್ಯಾರ್ಥಿಗೆ ಮಧ್ಯಮ ಸೂಟ್ ಕೊಡ್ತೀರಿ?