ಸಹಾಯ ಬೇಕು: ಕ್ಯಾಲಿಫೋರ್ನಿಯಾದಲ್ಲಿ ಪೊಲೀಸರ ಹಲ್ಲೆ, ವಕೀಲರು ಗೊತ್ತಿದ್ದರೆ ತಿಳಿಸಿ
ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳ ಹಿಂದೆ ಇಲ್ಲಿ ಪೊಲೀಸರು ನನ್ನ ತಮ್ಮನ ಕಾರು ನಿಲ್ಲಿಸಿದರು. ಅವನು ಎದುರಾಡಲಿಲ್ಲ. ಬೇಡಿ ಹಾಕಿದ ಮೇಲೂ ನೆಲಕ್ಕೆ ಕೆಡವಿದರು. ಭುಜದ ಮೂಳೆ ಮುರಿದು, ಇವತ್ತಿಗೂ ಕೈ ಎತ್ತಲು ಆಗುತ್ತಿಲ್ಲ.

ಫೆಡರಲ್ ಕಾನೂನಿನ ಸೆಕ್ಷನ್ 1983ರ (ಸಂವಿಧಾನದ ಹಕ್ಕು ಉಲ್ಲಂಘಿಸಿದ ಅಧಿಕಾರಿಗಳ ಮೇಲೆ ಪರಿಹಾರ ಕೇಳುವ) ಕೇಸು ಹಾಕಲು 2 ವರ್ಷ ಇದೆ. ಆದರೆ ರಾಜ್ಯದ ಕಾನೂನಿನಡಿ ಪರಿಹಾರ ಕೇಳಲು 6 ತಿಂಗಳೊಳಗೆ ನಗರಾಡಳಿತಕ್ಕೆ ಲಿಖಿತ ಕ್ಲೇಮ್ ಕೊಡಬೇಕು. ಉಳಿದಿರುವುದು ಎರಡೇ ತಿಂಗಳು.

ಒಬ್ಬ ವಕೀಲರು ಫೆಡರಲ್ ಕೇಸಿಗೆ ‘ಕ್ವಾಲಿಫೈಡ್ ಇಮ್ಯುನಿಟಿ’ (ಅಧಿಕಾರಿಗಳಿಗೆ ಇಂಥ ಕೇಸುಗಳಿಂದ ಇರುವ ಕಾನೂನು ರಕ್ಷಣೆ) ಅಡ್ಡ ಬರುತ್ತೆ ಅಂದರು. ಇಂಥದ್ದೇ ಘಟನೆಯನ್ನು ಕೋರ್ಟ್ ಹಿಂದೆ ತಪ್ಪು ಅಂದಿರುವ ತೀರ್ಪು ತೋರಿಸದಿದ್ದರೆ ಅಧಿಕಾರಿ ಪಾರಾಗಬಹುದಂತೆ. ಬೇಡಿ ಹಾಕಿದವನನ್ನು ಕೆಡವುವುದು ತಪ್ಪು ಅನ್ನಲು ಹಳೆ ತೀರ್ಪು ಬೇಕಾ?

ಗೆದ್ದರೆ ಮಾತ್ರ ಫೀಸು ತೆಗೆದುಕೊಳ್ಳುವ ಸಿವಿಲ್ ರೈಟ್ಸ್ ವಕೀಲರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಪೊಲೀಸರ ಬಾಡಿ ಕ್ಯಾಮೆರಾ ವಿಡಿಯೋ ಪಡೆದವರಿದ್ದರೆ, ಹೇಗೆ ಕೇಳಿದಿರಿ ಅಂತಲೂ ಹೇಳಿ.